ಮೂರು ಪೆನ್ನು, ಎಂಬತ್ತನಾಲ್ಕು ಹಾಳೆ

ಆಲೂಗಡ್ಡೆ ಬೇಯುವಷ್ಟರಲ್ಲಿ ಏಳು ದಿನ ಬರೆದು ಮುಗಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಪ್ರತಿ ಮಂಗಳವಾರ ಬೆಳಗ್ಗೆ ಪಾತ್ರೆಯನ್ನು ಒಲೆಯ ಮೇಲಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಏಳು ಹಾಳೆ ಹರಡಿಕೊಂಡು ಕೂರುತ್ತಿದ್ದೆ. ಒಂದೊಂದು ಹಾಳೆಯಲ್ಲೂ ಹದಿನಾಲ್ಕು ಪ್ರಶ್ನೆ. ಇವತ್ತು ನಿಮ್ಮ ಮಗು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟಿತೇ? ಸಣ್ಣ ಮಾತಿಗೆ ಸಿಟ್ಟಿಗೆದ್ದಿತೇ? ಹೇಳದೆ ಹೊರಗೆ ಹೋಯಿತೇ? ನಶೆ ಮಾಡಿದೆ ಎಂದು ನಿಮಗೆ ಅನಿಸಿತೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಒಂದು ಅಂಕಿ ಹಾಕಬೇಕು. ಸೊನ್ನೆ ಎಂದರೆ ಇಲ್ಲವೇ ಇಲ್ಲ, ಮೂರು ಎಂದರೆ ಬಹಳ ಹೆಚ್ಚು.

ಆಯಾ ದಿನದ ಹಾಳೆಯನ್ನು ಆಯಾ ದಿನ ಸಂಜೆಯೇ ತುಂಬಬೇಕು ಎಂದು ಮೇಲ್ಗಡೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮೊದಲ ವಾರ ಹಾಗೇ ಮಾಡಲು ಹೊರಟಿದ್ದೆ. ಲಾಂಡ್ರಿಯಲ್ಲಿ ಎಂಟು ಗಂಟೆ ನಿಂತು ಇಸ್ತ್ರಿ ಹಾಕಿ ಬಂದು, ಅಡುಗೆ ಮಾಡಿ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ ಮುಗಿಸುವ ಹೊತ್ತಿಗೆ ಅಂಕಿಯಿರಲಿ, ನನ್ನ ಹೆಸರೇ ನೆನಪಿಗೆ ಬರುತ್ತಿರಲಿಲ್ಲ. ಹಾಗಾಗಿ ಎಲ್ಲ ಮಂಗಳವಾರಕ್ಕೆ ಬಂದು ನಿಂತಿತು. ಒಂದೇ ದಿನ ಬರೆದದ್ದು ಗೊತ್ತಾಗಬಾರದೆಂದು ಮೂರು ಪೆನ್ನು ಇಟ್ಟುಕೊಂಡೆ. ಬುಧವಾರಕ್ಕೆ ನೀಲಿ, ಗುರುವಾರಕ್ಕೆ ಕಪ್ಪು, ಶುಕ್ರವಾರಕ್ಕೆ ಮಾಲೀಕರ ಜೇಬಿನಿಂದ ಬಂದ ಇನ್ನೊಂದು ನೀಲಿ. ಅಷ್ಟು ಬುದ್ಧಿ ಎಲ್ಲಿಂದ ಬಂತೋ.

ಅಂಕಿಗಳ ವಿಷಯದಲ್ಲಿ ಇನ್ನೂ ದೊಡ್ಡ ಬುದ್ಧಿ ಓಡಿಸಿದ್ದೆ. ಮೊದಲ ವಾರ ಎರಡು, ಮೂರು. ಆಮೇಲೆ ಎರಡು, ಒಂದು. ಹತ್ತನೆಯ ವಾರದಿಂದ ಒಂದು, ಸೊನ್ನೆ, ಸೊನ್ನೆ. ನಡುವೆ ಒಂದು ಭಾನುವಾರಕ್ಕೆ ಮಾತ್ರ ಎರಡು ಹಾಕುತ್ತಿದ್ದೆ, ತೀರಾ ಚೆನ್ನಾಗಿದ್ದರೆ ನಂಬಲಾರರೆಂದು.

ಹೀಗೇಕೆ ಮಾಡಿದೆ ಎಂದರೆ, ನನ್ನ ಮಗಳನ್ನು ಎರಡು ಶಾಲೆಗಳಿಂದ ಕಳಿಸಿದ್ದಾರೆ. ಎರಡು ಸಲವೂ ನಾನು ಹೆಡ್‌ಮಿಸ್ ಮುಂದೆ ಕುಳಿತಿದ್ದೆ, ಎರಡು ಸಲವೂ ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಕೆಟ್ಟ ಅಂಕಿಗಳಿದ್ದವು. ಅಂಕಿ ಕೆಟ್ಟದಾದರೆ ಮಗು ಹೊರಗೆ, ಒಳ್ಳೆಯದಾದರೆ ಒಳಗೆ. ನನಗೆ ಗೊತ್ತಿದ್ದ ಲೋಕ ಅಷ್ಟೇ. ಈ ಜಾಗ ಹೋಗಬಾರದೆಂದು ನಾನು ಅವಳಿಗೆ ಒಳ್ಳೆಯ ಅಂಕಿ ಕೊಟ್ಟೆ.

ಅವಳಿಗೆ ಹದಿನಾರು. ಮನೆಯಲ್ಲಿ ಬುಗುರಿ ಎನ್ನುತ್ತೇವೆ. ನಡೆಯಲು ಕಲಿತ ವಾರವೇ ಮನೆಯೆಲ್ಲ ಗಿರಗಿರ ತಿರುಗಿ ಗೋಡೆಗೆ ಬಡಿದುಕೊಂಡಾಗ ಅತ್ತೆ ಇಟ್ಟ ಹೆಸರು. ಕೂತಲ್ಲಿ ಕೂರುವವಳಲ್ಲ, ಕೇಳಿದ್ದನ್ನು ಪೂರ್ತಿ ಕೇಳುವವಳಲ್ಲ. ಹಾಲು ಕಾಯಿಸಲು ಇಟ್ಟು ಬಟ್ಟೆ ಒಣಹಾಕಲು ಹೋಗುತ್ತಾಳೆ, ಬಟ್ಟೆಯನ್ನು ಬಕೆಟಿನಲ್ಲೇ ಬಿಟ್ಟು ಕೆಳಗಿನ ಮನೆಯ ನಾಯಿಯ ಜೊತೆ ಮಾತಿಗೆ ನಿಲ್ಲುತ್ತಾಳೆ. ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆವು. ಹದಿನಾಲ್ಕರಲ್ಲಿ ಕಂಪಾಸ್ ಪೆಟ್ಟಿಗೆಯಲ್ಲಿ ಗಾಂಜಾ ಸಿಕ್ಕಿತು. "ಅದು ಸೇದಿದ್ರೆ ತಲೆಯೊಳಗಿನ ಫ್ಯಾನು ನಿಲ್ಲುತ್ತೆ ಅಮ್ಮಾ" ಎಂದಳು. ನಾನು ಹೊಡೆಯಲಿಲ್ಲ. ಹೊಡೆಯುವಷ್ಟು ಶಕ್ತಿಯೂ ಇರಲಿಲ್ಲ. ಲಾರಿ ಓಡಿಸುವ ಇವರು ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ. ಒಂದು ದಿನ ಬೈಯುತ್ತಾರೆ, ಇನ್ನೊಂದು ದಿನ ಅವಳನ್ನು ಕೂರಿಸಿಕೊಂಡು ಅಳುತ್ತಾರೆ. ಮತ್ತೆ ಹೊರಟುಬಿಡುತ್ತಾರೆ.

ಕೊನೆಗೆ ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯ ಈ ಅಧ್ಯಯನಕ್ಕೆ ಸೇರಿಸಿಕೊಂಡರು. ಗಮನ ನಿಲ್ಲದ, ಹಟ ಹೆಚ್ಚಿರುವ, ನಶೆಗೆ ಕೈ ಹಾಕಿದ ಮಕ್ಕಳಿಗೆ ಮಾತ್ರೆಯ ಜೊತೆ ಮಾತುಕತೆಯೂ ಸೇರಿದರೆ ಎಷ್ಟು ಗುಣ ಕಾಣುತ್ತದೆ, ಯಾರಿಗೆ ಎಷ್ಟು ವಾರ ಬೇಕಾಗುತ್ತದೆ ಎಂದು ನೋಡುತ್ತಾರಂತೆ. ಓದಿ ಸಹಿ ಹಾಕಿ ಎಂದು ಹನ್ನೊಂದು ಪುಟ ಕೊಟ್ಟಿದ್ದರು. ನಾನು ಹನ್ನೊಂದನೆಯ ಪುಟದಲ್ಲಿ ಸಹಿ ಹಾಕಿದ್ದೆ.

ಅಲ್ಲಿ ನಮಗೆ ಇಬ್ಬರ ಪರಿಚಯ. ಹಾಳೆಗಳನ್ನು ಇಸಿದುಕೊಂಡು ಪ್ರತಿಯೊಂದಕ್ಕೂ ಕಪ್ಪು ಗೆರೆಯ ಸ್ಟಿಕ್ಕರು ಅಂಟಿಸುವ ಹುಡುಗಿ. ಅವಳನ್ನು ಬುಗುರಿ ಸ್ಟಿಕ್ಕರಕ್ಕ ಎನ್ನುತ್ತಿದ್ದಳು. ಇನ್ನೊಬ್ಬರು ಮಾತುಕತೆ ನಡೆಸುವ ದಪ್ಪನೆಯ ಸರ್. ಮೊದಲ ದಿನವೇ ಬುಗುರಿ ಹತ್ತು ನಿಮಿಷಕ್ಕೆ ಆರು ಸಲ ಕುರ್ಚಿಯಿಂದ ಎದ್ದಳಂತೆ. ಅವರು ಏನೂ ಅನ್ನದೆ, "ಬಾ, ನಡೀತಾನೇ ಮಾತಾಡೋಣ" ಎಂದು ಆಸ್ಪತ್ರೆಯ ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಅಂದಿನಿಂದ ಅವರು ಮೆಟ್ಟಿಲು ಸರ್. ವಾರಕ್ಕೊಂದು ಗಂಟೆ ಇಬ್ಬರೂ ಹತ್ತಿ ಇಳಿಯುತ್ತಾರೆ.

"ಏನು ಮಾತಾಡ್ತೀರೇ?" ಎಂದು ಒಮ್ಮೆ ಕೇಳಿದ್ದೆ.

"ಎರಡು ಸಲ ಹತ್ತಿದ್ರೆ ಅವರಿಗೆ ಉಸಿರು ಸಿಗಲ್ಲ. ಆಮೇಲೆ ನಾನೇ ಮಾತಾಡ್ಬೇಕು. ಪಾಪ" ಎಂದಳು.

ಅವಳು ಸೇದುವುದನ್ನು ಬಿಟ್ಟಿರಲಿಲ್ಲ. ಮೊದಲಿಗಿಂತ ಕಡಿಮೆಯಾಗಿರಬಹುದು, ಇಲ್ಲದಿರಬಹುದು. ಜಾಕೆಟ್ಟಿನ ವಾಸನೆ ನನಗೆ ಗೊತ್ತಾಗುತ್ತಿತ್ತು. ಆದರೆ ಮಂಗಳವಾರ ಬಂದರೆ ತಾನೇ ಬೇಗ ಎದ್ದು, ಎರಡೂ ಶೂ ಹುಡುಕಿಕೊಂಡು, ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳು ನನಗಾಗಿ ಬಾಗಿಲಲ್ಲಿ ಕಾಯುವುದನ್ನು ಹದಿನಾರು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಆ ಮಂಗಳವಾರ ಉಳಿಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹನ್ನೆರಡನೆಯ ವಾರ ಸ್ಟಿಕ್ಕರಕ್ಕ ನಮ್ಮಿಬ್ಬರನ್ನೂ ಒಳಗೆ ಕರೆದಳು. ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಸಣ್ಣ ಮಕ್ಕಳ ಆಟಿಕೆಯ ಪೆಟ್ಟಿಗೆ, ಗೋಡೆಗೆ ಮಿದುಳಿನ ಚಿತ್ರ. ಅವಳ ಮುಖದಲ್ಲಿ ಅಪರೂಪಕ್ಕೆ ನಗು ಇತ್ತು.

"ಅಮ್ಮಾ, ಒಳ್ಳೆ ಸುದ್ದಿ. ನಿಮ್ಮ ಅಂಕಿಗಳು ಅರ್ಧಕ್ಕಿಂತ ಕೆಳಗೆ ಬಂದಿವೆ. ಇನ್ನು ವಾರವಾರ ಬರೋದು ಬೇಡ. ತಿಂಗಳಿಗೊಂದು ಸಲ ನಾವೇ ಫೋನ್ ಮಾಡ್ತೀವಿ. ಮಾತ್ರೆ ಹಾಗೇ ಮುಂದುವರಿಯುತ್ತೆ."

"ಬರೋದು ಬೇಡ ಅಂದ್ರೆ? ಮೆಟ್ಟಿಲು..." ಬುಗುರಿ ಅರ್ಧಕ್ಕೆ ನಿಲ್ಲಿಸಿದಳು.

"ಗುಣ ಆದವರು ಜಾಗ ಬಿಟ್ಟುಕೊಡ್ತಾರೆ, ಆಗದವರು ವಾರವಾರ ಬರ್ತಾರೆ. ಮೊದಲೇ ಹೇಳಿದ್ವಲ್ಲ, ಸಹಿ ಮಾಡಿದ ಹಾಳೇಲೂ ಇದೆ. ನಾಲ್ಕನೇ ಪುಟ."

ಸ್ಟಿಕ್ಕರಕ್ಕ ಫೈಲು ನೋಡುತ್ತ, ಸ್ವಲ್ಪ ಅಳುಕಿನಿಂದಲೇ ಮತ್ತೆ ಹೇಳಿದಳು. "ಮಕ್ಕಳೂ ತಮ್ಮ ಹಾಳೆ ತುಂಬ್ತಾರೆ. ಅದರಲ್ಲಿ ಏನಿದೆ ಅಂತ ನಾನು ಹೇಳೋ ಹಾಗಿಲ್ಲ. ಎರಡೂ ಹೊಂದದಿದ್ರೆ ತಾಯಿ ಹಾಳೇನೇ ಲೆಕ್ಕಕ್ಕೆ. ಮಕ್ಕಳು ಮುಚ್ಚಿಡ್ತಾರೆ ಅಂತ ನಿಯಮ ಹಾಗೆ ಮಾಡಿರೋದು."

"ಸರ್‌ಗೆ ಗೊತ್ತಾ?" ಎಂದಳು ಬುಗುರಿ.

"ಸರ್‌ಗೆ ಅಂಕಿ ತೋರಿಸಲ್ಲ. ಅವರ ಹತ್ರ ನೀನು ಆಡಿದ ಮಾತೂ ನಮಗೆ ಬರಲ್ಲ. ಎರಡನ್ನೂ ಬೇರೆ ಬೇರೆ ಇಡಬೇಕು."

ಬುಗುರಿ ನಕ್ಕಳು. ಅವಳಿಗೆ ತಡೆಯಲಾಗದಾಗ ಹಾಗೆ ನಗುತ್ತಾಳೆ. ಎದ್ದು ಹೊರಗೆ ಹೋದವಳು ಬಸ್ ನಿಲ್ದಾಣದವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದಳು.

ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತಳು, ಮುಖ ಮಾತ್ರ ಕಿಟಕಿಯ ಕಡೆಗೆ.

"ಅಮ್ಮಾ, ನೀನೇನು ಬರ್ದಿದ್ದೆ?"

ನಾನು ಟಿಕೆಟ್ಟನ್ನು ಸಣ್ಣದಾಗಿ ಮಡಿಸತೊಡಗಿದೆ.

"ನಾನು ನಿಜ ಬರ್ದಿದ್ದೆ. ಹನ್ನೆರಡು ವಾರಾನೂ. ಮೂರು ಅಂದ್ರೆ ಮೂರು." ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಏನೋ ಗೀಚಿದಳು. "ಜೀವನದಲ್ಲಿ ಮೊದಲನೇ ಸಲ ಹೋಂವರ್ಕ್ ಪೂರ್ತಿ ಮಾಡಿದ್ದು. ನೀನು ಎಲ್ಲಾ ಅಳಿಸಿಬಿಟ್ಟೆ."

"ನಿನ್ನ ಕಳಿಸಿಬಿಡ್ತಾರೆ ಅಂತ ಹೆದರ್ಕೊಂಡೆ ಕಣೇ."

"ಕಳಿಸಿದ್ರಲ್ಲ" ಎಂದಳು.

ಮನೆ ಸೇರಿದೊಡನೆ ಅತ್ತೆಗೆ ಎಲ್ಲ ಹೇಳಿದೆ.

ಅತ್ತೆ ವಿಷಯವನ್ನೆಲ್ಲ ಕೇಳಿ, ಬಟಾಣಿ ಬಿಡಿಸುತ್ತಿದ್ದ ಕೈಯನ್ನೂ ನಿಲ್ಲಿಸದೆ, "ಸುಳ್ಳು ಹೇಳೋಕೂ ಒಂದು ಕಸುಬು ಬೇಕು. ನಿನ್ನ ಮುಖಕ್ಕೆ ಅದು ಒಗ್ಗಲ್ಲ. ಹೋಗಿ ಹೇಳು" ಎಂದರು.

"ಮೋಸ ಮಾಡಿದ್ದಕ್ಕೆ ಪೂರ್ತಿ ತೆಗೆದುಹಾಕಿದ್ರೆ? ಮಾತ್ರೆನೂ ಹೋದ್ರೆ?"

"ಆಗ ಬೇರೆ ಯೋಚನೆ ಮಾಡೋಣ. ಈಗಲೇ ಎಲ್ಲಾ ಯೋಚನೆ ಮಾಡಿ ಮುಗಿಸಿಬಿಟ್ರೆ ನಾಳೆಗೆ ಏನು ಮಾಡ್ತೀಯಾ?"

ಬಾಗಿಲ ಸಂದಿಯಿಂದ ಬುಗುರಿ, "ಅಜ್ಜಿ, ನಿನಗೂ ಒಂದು ಹಾಳೆ ಕೊಡಿಸ್ಬೇಕು" ಎಂದು ಕೂಗಿದಳು. "ಕೊಡ್ಸು, ನಿಮ್ಮಿಬ್ಬರಿಗೂ ಮೂರು ಹಾಕ್ತೀನಿ" ಎಂದರು ಅತ್ತೆ. ನನಗೆ ನಗು ಬರಲಿಲ್ಲ.

ಮರುದಿನ ಲಾಂಡ್ರಿಯ ಮುಂದಿನ ಕೌಂಟರಿನಲ್ಲಿ ನನ್ನ ಸರದಿ. ಬಟ್ಟೆ ತೆಗೆದುಕೊಳ್ಳುವಾಗಲೇ ಬೆಳಕಿಗೆ ಹಿಡಿದು, ಎಲ್ಲೆಲ್ಲಿ ಯಾವ ಕಲೆ ಇದೆ ಎಂದು ಚೀಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ ಕಲೆ ನಾವೇ ಮಾಡಿದ್ದೆಂದು ನಮ್ಮ ಮೇಲೆ ಬರುತ್ತದೆ. ಹನ್ನೊಂದು ವರ್ಷದಿಂದ ಈ ಕೆಲಸ ನನ್ನದು. ಒಬ್ಬರು ಬೂದು ಬಣ್ಣದ ಕೋಟು ತಂದರು. "ಎಡ ತೋಳು, ಎಣ್ಣೆ ಕಲೆ. ಕಾಲರ್ ಕೆಳಗೆ, ಶಾಯಿ" ಎಂದು ಬರೆದೆ. ಅವರು, "ಅಯ್ಯೋ, ಅದು ಕಾಣೋದೇ ಇಲ್ಲ, ಬರೀಬೇಡಿ" ಎಂದರು. "ಬರೀದಿದ್ರೆ ಒಳಗಿರೋರಿಗೆ ಅದನ್ನ ತೆಗೀಬೇಕು ಅಂತ ಗೊತ್ತಾಗಲ್ಲ ಸರ್" ಎಂದು ಬಾಯಿಗೆ ಬಂದಂತೆ ಹೇಳಿಬಿಟ್ಟೆ. ದಿನಕ್ಕೆ ಹತ್ತು ಸಲ ಹೇಳುವ ಮಾತು. ಅವತ್ತು ಚೀಟಿ ಹರಿದುಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮಧ್ಯಾಹ್ನ ಊಟದ ಬಿಡುವಿಗೆ ಹೊರಟಾಗ ಮಾಲೀಕರು, "ಏನಮ್ಮಾ, ಎಲ್ಲಿಗೆ ಸವಾರಿ? ಡಬ್ಬಿ ಇಲ್ಲೇ ಬಿಟ್ಟಿದ್ದೀಯಲ್ಲ" ಎಂದರು.

"ಒಂದು ಚೀಟಿ ತಪ್ಪು ಬರ್ದಿದ್ದೆ. ಸರಿ ಮಾಡಿಸಿ ಬರ್ತೀನಿ."

"ನೀನಾ? ತಪ್ಪಾ?" ಎಂದು ಅವರು ನಗುತ್ತಿದ್ದಂತೆ ಮೆಟ್ಟಿಲಿಳಿದೆ.

ಸ್ಟಿಕ್ಕರಕ್ಕ ತನ್ನ ಮೇಜಿನ ಮೇಲೆಯೇ ಬ್ರೆಡ್ಡು ತಿನ್ನುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮಂಗಳವಾರ, ಆಲೂಗಡ್ಡೆ, ಮೂರು ಪೆನ್ನು, ಏನನ್ನೂ ಬಿಡಲಿಲ್ಲ. ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು. ಬಯ್ಯುತ್ತಾಳೆಂದುಕೊಂಡಿದ್ದೆ. ಎದ್ದು ಹೋಗಿ ನಮ್ಮ ಫೈಲು ತಂದು ತೆರೆದಳು.

"ಏಳನೇ ವಾರ ನೋಡಿ" ಎಂದಳು. "ಬುಧವಾರ ನೀಲಿ, ಗುರುವಾರ ಕಪ್ಪು. ಚೆನ್ನಾಗೇ ಮಾಡಿದ್ದೀರಿ."

ಹಾಳೆ ಮಗುಚಿದಳು. ಬುಧವಾರದ ಮೂಲೆಯಲ್ಲಿ ಟೀ ಲೋಟ ಇಟ್ಟ ದುಂಡನೆಯ ಕಲೆ. ಗುರುವಾರದ ಹಾಳೆಯಲ್ಲೂ ಅದೇ ಜಾಗದಲ್ಲಿ, ಸ್ವಲ್ಪ ತಿಳಿಯಾಗಿ. ಶುಕ್ರವಾರ ಇನ್ನೂ ತಿಳಿ. ಬರೆದು ಒಂದರ ಮೇಲೊಂದು ಪೇರಿಸಿದ್ದ ಹಾಳೆಗಳಿಗೆ ಟೀ ಇಳಿದಿತ್ತು. ಊರಿನವರ ಕೋಟಿನ ಕಲೆ ಹಿಡಿಯುವವಳು ನಾನು.

"ನನ್ನ ತಪ್ಪೂ ಇದೆ" ಎಂದಳು ಅವಳು, ಕಣ್ಣು ಉಜ್ಜಿಕೊಳ್ಳುತ್ತ. "ಇದು ನನ್ನ ಕಣ್ಣಿಗೆ ಬೀಳಬೇಕಿತ್ತು. ಎಪ್ಪತ್ತು ಮನೆ ಹಾಳೆ ನಾನೊಬ್ಬಳೇ ನೋಡೋದು."

"ಈಗ ಕೂತು ಸರಿಯಾಗಿ ಬರ್ದುಕೊಡ್ಲಾ? ನಿಜವಾದ್ದು?"

"ಎಂಟು ವಾರದ ಹಿಂದಿನ ಗುರುವಾರ ಏನಾಯ್ತು, ಹೇಳಿ ನೋಡೋಣ."

ಯೋಚಿಸಿದೆ. ಆ ಗುರುವಾರ ಯಾವುದು, ಅವಳು ಕಪಾಟಿನ ಬಾಗಿಲು ಒದ್ದ ದಿನವೋ, ಸಂಜೆ ಅಜ್ಜಿಯ ತಲೆ ಬಾಚಿ ಜಡೆ ಹಾಕಿದ ದಿನವೋ? ಎಲ್ಲ ದಿನಗಳೂ ಒಂದೇ ಬಕೆಟಿನಲ್ಲಿ ನೆನೆದ ಬಟ್ಟೆಗಳಂತೆ ಬಣ್ಣ ಬಿಟ್ಟುಕೊಂಡಿದ್ದವು. "ಗೊತ್ತಿಲ್ಲ" ಎಂದೆ.

"ಅದಕ್ಕೇ. ನೆನಪಿನಿಂದ ಬರೆದದ್ದು ಬೇಡ. ಅಳಿಸೋ ಹಾಗೂ ಇಲ್ಲ, ಹರಿಯೋ ಹಾಗೂ ಇಲ್ಲ. ಹಳೇದು ಓದೋಕೆ ಬರ್ಬೇಕು. ಒಂದೊಂದು ಹಾಳೆ ಮೇಲೂ ಅಡ್ಡ ಒಂದು ಗೆರೆ, ಪಕ್ಕದಲ್ಲಿ ಸಹಿ, ಇವತ್ತಿನ ತಾರೀಕು."

"ಎಲ್ಲಾದಕ್ಕೂ?"

"ಎಂಬತ್ತನಾಲ್ಕಕ್ಕೂ. ತಾಯಿ ಹಾಳೆ ಇಲ್ಲ ಅಂತಾದ್ರೆ ಆಗ ಮಗು ಹಾಳೆ ಲೆಕ್ಕಕ್ಕೆ ಬರುತ್ತೆ. ಮುಂದಿನದು ದೊಡ್ಡ ಡಾಕ್ಟರು, ಸಮಿತಿಯವರು ತೀರ್ಮಾನ ಮಾಡೋದು. ನಿಮ್ಮನ್ನ ಉಳಿಸ್ಕೊಳ್ತಾರೆ ಅಂತ ನಾನು ಮಾತು ಕೊಡಲಾರೆ." ಪೆನ್ನು ನನ್ನ ಕಡೆ ಸರಿಸಿ, ತಗ್ಗಿದ ದನಿಯಲ್ಲಿ, "ನಿಮ್ಮ ಮಂಗಳವಾರದ ಜಾಗ ಇನ್ನೊಂದು ಮಗುವಿಗೆ ಅಂತ ನಿನ್ನೆ ಸಂಜೇನೇ ಹೇಳಿಬಿಟ್ಟೆ. ಅವರಮ್ಮ ಐದು ತಿಂಗಳಿಂದ ಕಾಯ್ತಿದ್ರು. ಫೋನಲ್ಲೇ ಅತ್ತುಬಿಟ್ರು" ಎಂದಳು.

ಆ ತಾಯಿಯ ಮುಖ ನಾನು ನೋಡಿಲ್ಲ. ಆದರೂ ಅವಳು ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡು ಮತ್ತೆ ಪಾತ್ರೆ ತೊಳೆಯಲು ಹೋಗಿದ್ದು ಕಣ್ಣಿಗೆ ಕಟ್ಟಿತು. "ಅವರದ್ದು ಕಿತ್ಕೋಬೇಡಿ" ಎಂದೆ. ಹೇಳಿ ಪೆನ್ನು ಕೈಗೆ ತೆಗೆದುಕೊಂಡೆ.

ಗೆರೆ, ಸಹಿ, ತಾರೀಕು. ಗೆರೆ, ಸಹಿ, ತಾರೀಕು. ಸ್ಟಿಕ್ಕರಕ್ಕ ಎದುರಿಗೆ ಕೂತು ಒಂದೊಂದು ಹಾಳೆಯನ್ನೂ ಮಗುಚಿಕೊಟ್ಟಳು. ನಲವತ್ತರ ಹೊತ್ತಿಗೆ ನನ್ನ ಸಹಿ ನನ್ನದೇ ಅಲ್ಲವೆನಿಸತೊಡಗಿತು. ಅರ್ಧ ಬ್ರೆಡ್ಡು ಮುರಿದು ನನ್ನ ಮುಂದಿಟ್ಟಳು. ಇಬ್ಬರೂ ತಿನ್ನುತ್ತಲೇ ಕೆಲಸ ಮುಗಿಸಿದೆವು. ಅವತ್ತು ಲಾಂಡ್ರಿಗೆ ಒಂದೂವರೆ ಗಂಟೆ ತಡ. ಮಾಲೀಕರು ನನ್ನ ಮುಖ ನೋಡಿ, ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಗುರುವಾರ ಕಳೆಯಿತು. ಶುಕ್ರವಾರ ಮಧ್ಯಾಹ್ನದವರೆಗೂ ಫೋನನ್ನು ಇಸ್ತ್ರಿ ಮೇಜಿನ ಮೇಲೇ ಇಟ್ಟುಕೊಂಡು, ಒಂದು ಅಂಗಿಯ ತೋಳಿಗೆ ಎರಡೆರಡು ಮಡಿಕೆ ಬೀಳಿಸಿದೆ. ಮೂರು ಗಂಟೆಗೆ ಸ್ಟಿಕ್ಕರಕ್ಕನ ಫೋನು.

"ಅಮ್ಮಾ, ವಾರವಾರ ಮುಂದುವರಿಯುತ್ತೆ. ಆದ್ರೆ ಮಂಗಳವಾರ ಇಲ್ಲ. ಶನಿವಾರ ಬೆಳಗ್ಗೆ ಏಳೂವರೆಗೆ. ಸರ್ ಒಪ್ಪಿಕೊಂಡಿದ್ದಾರೆ. ಆ ಹೊತ್ತಿಗೆ ಮೆಟ್ಟಿಲು ಖಾಲಿ ಇರುತ್ತಂತೆ. ನಿಮ್ಮ ಹನ್ನೆರಡು ವಾರ ಅಧ್ಯಯನದಿಂದ ತೆಗೆದಿದ್ದೀವಿ. ಇವತ್ತಿಂದ ಹೊಸದಾಗಿ, ಒಂದನೇ ಹಾಳೆ. ಹಳೇ ಕಟ್ಟಿನಲ್ಲಿ ಖಾಲಿ ಹಾಳೆ ಉಳಿದಿವೆಯಲ್ಲ, ಅದನ್ನೇ ಬಳಸಿ. ಮತ್ತೆ ಅಮ್ಮಾ..."

"ಹೇಳಿ."

"ಸಂಜೇನೇ ಬರೀರಿ. ಟೀ ದೂರ ಇಡಿ."

ಶನಿವಾರ ಏಳೂವರೆ ಎಂದರೆ ಐದೂವರೆಗೆ ಏಳಬೇಕು. ವಾರದಲ್ಲಿ ಅರ್ಧ ಗಂಟೆ ಹೆಚ್ಚು ಮಲಗುತ್ತಿದ್ದ ಒಂದೇ ಬೆಳಗು ಅದು, ಅದೂ ಹೋಯಿತು. ಸಂತೋಷವಾಗಿರಬೇಕು, ಕಾಲು ನೋಯುತ್ತಿದ್ದುದರಿಂದ ಗೊತ್ತಾಗಲಿಲ್ಲ.

ಸಂಜೆ ಪಾತ್ರೆ ಒಲೆಗಿಟ್ಟು ಒಂದೇ ಒಂದು ಹಾಳೆ ತೆಗೆದುಕೊಂಡು ಕುಳಿತೆ. ಬುಗುರಿ ಎದುರಿನ ಕುರ್ಚಿಯ ಬೆನ್ನಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಬಸ್ಸಿನ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಅಜ್ಜಿಯಿಂದ ಶನಿವಾರದ ವಿಷಯ ಕೇಳಿ ಬಂದಿದ್ದಳು.

"ಮೊದಲನೇದು" ಎಂದು ಓದಿದೆ. "ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟಿತೇ?"

"ಬಕೆಟು ಇನ್ನೂ ತಾರಸಿ ಮೇಲೇ ಇದೆ" ಎಂದಳು.

ಮೂರು ಹಾಕಿದೆ. ಪೆನ್ನು ಕಾಗದದ ಮೇಲೆ ಭಾರವಾಗಿತ್ತು.

"ಮೂರಾ? ಅರ್ಧ ಒಣಹಾಕಿದ್ದೀನಮ್ಮಾ. ಎರಡು ಹಾಕು."

"ಯಾವ ಅರ್ಧ?"

"ಸಾಕ್ಸು."

"ಮೂರೇ."

ಅವಳು ಮೂಗಿನಿಂದ ಒಂದು ಸದ್ದು ಮಾಡಿದಳು. ನಗುವೋ ಏನೋ. ಒಂದೊಂದೇ ಓದುತ್ತಾ ಹೋದೆ. ಸಿಟ್ಟು, ಎರಡು. ಎದುರುತ್ತರ, "ಈಗ ಆಡ್ತಿರೋದೂ ಸೇರುತ್ತಾ?", ಎರಡು. ಹನ್ನೊಂದನೆಯದಕ್ಕೆ, ನಶೆಯ ಪ್ರಶ್ನೆಗೆ ಬಂದಾಗ ನನ್ನ ದನಿ ಇಳಿಯಿತು. ಪ್ರಶ್ನೆ ನನಗೇನು ಅನಿಸಿತು ಎಂದು ಮಾತ್ರ ಕೇಳುತ್ತದೆ. ಅವಳನ್ನು ಕೇಳಬೇಕೆಂದೇನೂ ಇಲ್ಲ. ಆದರೂ ತಲೆಯೆತ್ತಿ ನೋಡಿದೆ.

ಕಾಲಾಡಿಸುವುದು ನಿಂತಿತು.

"ಬೆಳಗ್ಗೆ ಒಂದು ಸಲ" ಎಂದಳು. "ಸಂಜೆ ಸೇದೋಕೆ ಕರೆದ್ರು, ಹೋಗ್ಲಿಲ್ಲ."

ಬೆಳಗ್ಗೆ ಒಂದು ಸಲ. ಇಷ್ಟು ದಿನ ಜಾಕೆಟ್ಟು ಮೂಸಿ ಊಹಿಸುತ್ತಿದ್ದದ್ದನ್ನು ಅವಳ ಬಾಯಿಂದಲೇ ಕೇಳಿದಾಗ ನನಗೆ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಡೋಣ ಎನಿಸಿತು. ಎರಡು ಬರೆದೆ. ಅವಳು ಬಗ್ಗಿ ನೋಡಿದಳು. ಸರಿ ಎನ್ನುವಂತೆ ತಲೆಯಾಡಿಸಿದಳು, ಲೆಕ್ಕ ತಾಳೆ ನೋಡುವ ಮೇಷ್ಟ್ರ ಹಾಗೆ.

ಹದಿನಾಲ್ಕೂ ಮುಗಿದ ಮೇಲೆ ಕೈ ಚಾಚಿದಳು. "ಆ ಪೆನ್ನು ಕೊಡು. ನನ್ನ ಹಾಳೆ ಬರೀಬೇಕು."

"ಅಲ್ಲಿ ಇನ್ನೂ ಎರಡು ಬಿದ್ದಿವೆಯಲ್ಲೇ."

"ಅವು ಬೇಡ. ಇದೇ ಕೊಡು. ಮತ್ತೆ ನೀನು ಆ ಕಡೆ ತಿರುಗು, ನೋಡೋ ಹಾಗಿಲ್ಲ, ನಿಯಮ."

ಪೆನ್ನು ಕೊಟ್ಟು ಒಲೆಯ ಕಡೆ ತಿರುಗಿ ನಿಂತೆ. ಆಲೂಗಡ್ಡೆ ಇನ್ನೂ ಬೆಂದಿರಲಿಲ್ಲ. ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದು, ಆಮೇಲೆ ಪೆನ್ನಿನ ಸದ್ದು. ನಡುವೆ ಒಮ್ಮೆ ಅವಳು ಎದ್ದು ಬಾಗಿಲವರೆಗೆ ಹೋದಳು. ನಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕುಳಿತು ಬರೆಯತೊಡಗಿದಳು.